ಲಿಸ್ಟ್ ಕಲಿಸಿದ ಮಹಾನುಭಾವರು

ಹತ್ತು ಹನ್ನೆರಡು ಜನ ಕೂರುವಷ್ಟು ಕೋಣೆಯಲ್ಲಿ ಕೆನ್ನೆಗೆ ಮೈಕು ಅಂಟಿಸಿಕೊಂಡು ಪಾಠ ಮಾಡುವವರನ್ನು ನಾನು ನೋಡಿದ್ದು ಅದೇ ಮೊದಲು. ಬಿಟಿಎಂ ಲೇಔಟಿನಲ್ಲಿ ಬೇಕರಿಯೊಂದರ ಮೇಲಿನ ಮಹಡಿ ಆ ಕೋಚಿಂಗ್ ಸೆಂಟರು. ಮೆಟ್ಟಿಲಿನುದ್ದಕ್ಕೂ ಕೋಟು ಹಾಕಿ ಕೈಕಟ್ಟಿ ನಗುತ್ತಿರುವವರ ಫೋಟೋಗಳು. ಅವರಲ್ಲಿ ಒಬ್ಬರೂ ಅಲ್ಲಿ ಕಲಿತವರಲ್ಲ ಎಂಬುದು ಆಮೇಲೆ ಗೊತ್ತಾಯಿತು.

ನಾನು ಗದಗ ಕಡೆಯವಳು. ರಕ್ತಪರೀಕ್ಷೆಯ ಲ್ಯಾಬೊಂದರ ಆಫೀಸಿನಲ್ಲಿ ಕೆಲಸ. ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವವರಿಗೆ ಬೆಳಿಗ್ಗೆ ವಿಳಾಸ ಹಂಚಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಒಂದೇ ಮನೆಗೆ ಇಬ್ಬರು ಹೋಗುವುದು, ಸಿದ್ದಾಪುರದ ಅಜ್ಜಿಯೊಬ್ಬರು ಉಪವಾಸ ಕೂತು ಕಾಯುತ್ತಿದ್ದರೂ ಯಾರೂ ಹೋಗದೇ ಇರುವುದು, ಎಲ್ಲಾ ಆಗುತ್ತಿತ್ತು. ಇದನ್ನು ಕಂಪ್ಯೂಟರಿನಿಂದಲೇ ಮಾಡಿಸೋಣ ಎಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಭಾನುವಾರದ ಕ್ಲಾಸಿಗೆ ಸೇರಿದೆ.

ಮೇಷ್ಟ್ರು ನನಗಿಂತ ಚಿಕ್ಕವರು. ಲಿಸ್ಟಿನ ಪಾಠ ಶುರುಮಾಡಿದ ದಿನ ಗೋಡೆಯ ಮೇಲೆ ಒಂದು ಕೈಚೀಲದ ಚಿತ್ರ ತೋರಿಸಿದರು.

"ಲಿಸ್ಟ್ ಅಂದ್ರೆ ಬ್ಯಾಗ್ ಗೈಸ್. ಏನ್ ಬೇಕಾದ್ರೂ ಹಾಕಿ. ಅಷ್ಟೇ."

"ಸರ್, ಚೀಲದಾಗ ಮೊದಲನೇದು, ಎರಡನೇದು ಅಂತ ಇರೂದಿಲ್ಲಲ್ರೀ? ಲಿಸ್ಟಿನಾಗ ಐತೆಲ್ಲ?" ಎಂದೆ.

"ಮೇಡಂ ಹುಬ್ಳಿನಾ?" ಎಂದು ನಕ್ಕರು. ಕ್ಲಾಸೂ ನಕ್ಕಿತು. ನನ್ನ ಪ್ರಶ್ನೆ ಆ ನಗುವಿನಲ್ಲೇ ಹೋಯಿತು. ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರುವಾಗುತ್ತದೆ ಎಂದಾಗ ಯಾರೋ ಯಾಕೆ ಎಂದು ಕೇಳಿದರು. "ಇಂಟರ್ವ್ಯೂನಲ್ಲಿ ಕೇಳಲ್ಲ ಬಿಡಿ" ಎಂಬುದು ಮೇಷ್ಟ್ರ ಜ್ಞಾನೋಪದೇಶ.

ನನ್ನ ಪಕ್ಕ ಕೂರುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬರು ಅಂಕಲ್. ಜೆಪಿ ನಗರ ಹಳ್ಳಿಯಾಗಿದ್ದ ಕಾಲದಲ್ಲಿ ಅವರ ಮನೆಯವರು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಅದೇ ನೆಲದಲ್ಲಿ ಬಾಡಿಗೆ ಮನೆಗಳು. ಯಾವ ಮನೆಗೆ ಯಾವತ್ತು ನೀರು ಬಿಡಬೇಕೆಂಬ ಜಗಳ ತಪ್ಪಿಸಲು ಅವರು ಪೈಥಾನಿಗೆ ಬಂದಿದ್ದರು. ಮೇಷ್ಟ್ರ ಮೇಲೆ ಅವರಿಗೆ ಮೊದಲ ದಿನದಿಂದಲೇ ಅನುಮಾನ.

"ಏನಮ್ಮಾ, ಇವ್ನು ಒಂದಕ್ಷರ ಟೈಪ್ ಮಾಡಿದ್ದನ್ನ ನೀನು ನೋಡಿದ್ಯಾ?"

ನಾನು ನೋಡಿರಲಿಲ್ಲ. ಎಲ್ಲವೂ ಸ್ಲೈಡು. ನಾವು ಟೈಪ್ ಮಾಡಿ ತಪ್ಪು ಬಂದರೆ ಅದಕ್ಕೂ ಅವರ ಬಳಿ ಒಂದೇ ಮದ್ದಿತ್ತು. ಒಮ್ಮೆ ನಾನು ಲ್ಯಾಬಿನ ಸಿಬ್ಬಂದಿಯ ಹೆಸರುಗಳ ಲಿಸ್ಟ್ ಮಾಡಿ, ಸಮ ಚಿಹ್ನೆ ಹಾಕಿ ಆ ಲಿಸ್ಟಿಗೇ ಇನ್ನೊಂದು ಹೆಸರು ಕೊಟ್ಟೆ. ಪ್ರತಿ ಸಿಕ್ಕಿತು ಎಂದುಕೊಂಡು ಎರಡನೆಯದರಿಂದ ರಜೆಯಲ್ಲಿದ್ದವರನ್ನು ತೆಗೆದರೆ ಮೊದಲನೆಯದರಿಂದಲೂ ಮಾಯ. ಮೇಷ್ಟ್ರನ್ನು ಕೇಳಿದೆ.

"ನಿಮ್ಮ ಲ್ಯಾಪ್‌ಟಾಪ್ ಪ್ರಾಬ್ಲಂ ಮೇಡಂ. ರೀಇನ್‌ಸ್ಟಾಲ್ ಮಾಡಿ."

ಮಾಡಿದೆ. ಮತ್ತೆ ಅದೇ ಕತೆ. ಕೆಳಗಿನ ಬೇಕರಿಯಲ್ಲಿ ಟೀ ಕುಡಿಯುತ್ತಾ ಅಂಕಲ್ಲೂ ನಾನೂ ತಲೆ ಕೆಡಿಸಿಕೊಂಡೆವು. ಒಂದು ಕಡೆ ಸೇರಿಸಿ ನೋಡಿದೆವು, ಇನ್ನೊಂದು ಕಡೆ ತೆಗೆದು ನೋಡಿದೆವು. ಕೊನೆಗೆ ಹೊಳೆಯಿತು: ಇದ್ದದ್ದು ಒಂದೇ ಲಿಸ್ಟು, ನಾನು ಅದಕ್ಕೆ ಎರಡು ಹೆಸರಿಟ್ಟಿದ್ದೆ ಅಷ್ಟೇ. ನಿಜವಾಗಿ ಪ್ರತಿ ಬೇಕಿದ್ದರೆ ಕಾಪಿ ಮಾಡು ಎಂದು ಬಾಯಿಬಿಟ್ಟು ಹೇಳಬೇಕು.

"ಮನೇಲಿ ನನಗೊಂದು ಹೆಸರು, ಆಧಾರಲ್ಲಿ ಇನ್ನೊಂದು. ಇದೂ ಹಂಗೇ ಅನ್ನು" ಎಂದರು ಅಂಕಲ್. ಅಷ್ಟೂ ತಿಂಗಳ ಕ್ಲಾಸಿನಲ್ಲಿ ಕಿವಿಗೆ ಬಿದ್ದ ಅರ್ಥವಾಗುವ ಮಾತು ಅದೊಂದೇ.

ಕೋರ್ಸು ಮುಗಿದಾಗ ಜಯನಗರದಲ್ಲಿ ಒಂದು ಸಣ್ಣ ಹಾಲ್ ಹಿಡಿದು ಸರ್ಟಿಫಿಕೇಟ್ ಸಮಾರಂಭ ಮಾಡಿದರು. ಮುಂದಿನ ಬ್ಯಾಚಿನ ಬಲೆಗೆ ಬೀಳಬೇಕಾದ ತಂದೆತಾಯಿಗಳನ್ನೂ ಕರೆಸಿದ್ದರು. ಮೇಷ್ಟ್ರು ಅವತ್ತು ಸೂಟು ಹಾಕಿದ್ದರು. "ಬೆಸ್ಟ್ ಅಟೆಂಡೆನ್ಸ್ ಪ್ರೈಜ್ ಯಾರಿಗೆ ಅಂತ ನಾವಲ್ಲ, ನಾನೇ ಬರೆದ ಎಐ ಹೇಳುತ್ತೆ" ಎಂದು ಘೋಷಿಸಿದರು. ಪರದೆಯ ಮೇಲೆ ಕೋಡು ಮೂಡಿತು. ಎಐ ಎಂದರೆ ಐದು ಸಾಲಿನ ಒಂದು ಲೂಪು. ಎಲ್ಲರ ಹೆಸರಿರುವ ಲಿಸ್ಟಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತಾ, ಕ್ಲಾಸಿಗೆ ಬರದವರನ್ನು ಅದೇ ಲಿಸ್ಟಿನಿಂದ ಕಿತ್ತುಹಾಕುವುದು. ಉಳಿದವರಲ್ಲಿ ಮೊದಲ ಹೆಸರಿಗೆ ಬಹುಮಾನ.

ನಮ್ಮ ಬ್ಯಾಚಿಗೆ ಮೂವರು ಗೆಳೆಯರು ಒಟ್ಟಿಗೆ ಸೇರಿ, ಒಂದೇ ವಾರಕ್ಕೆ ಒಟ್ಟಿಗೆ ಮಾಯವಾಗಿದ್ದರು. ಲಿಸ್ಟಿನಲ್ಲೂ ಅವರದೇ ಅಕ್ಕಪಕ್ಕದ ಮೊದಲ ಮೂರು ಜಾಗ. ಎಐ ಸಾಹೇಬರು ಮೊದಲನೆಯವನನ್ನು ತೆಗೆದರು, ಮೂರನೆಯವನನ್ನು ತೆಗೆದರು, ನಡುವಿನವನನ್ನು ಉಳಿಸಿಕೊಂಡರು. ಮೇಷ್ಟ್ರು ಮೈಕಿನಲ್ಲಿ ಕೂಗಿದ್ದು ಅವನನ್ನೇ.

"ಎಲ್ಲಿದೀರಾ? ಸ್ಟೇಜಿಗೆ ಬನ್ನಿ! ಜೋರಾಗಿ ಚಪ್ಪಾಳೆ!"

"ಅವ್ನು ಹಾಸನಕ್ಕೆ ವಾಪಸ್ ಹೋಗಿ ಯಾವ ಕಾಲ ಆಯ್ತು ಕಣಪ್ಪಾ" ಎಂದರು ಅಂಕಲ್, ಹಾಲಿಗೆಲ್ಲ ಕೇಳುವಂತೆ.

"ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿರ್ಬೇಕು" ಎಂದರು ಮೇಷ್ಟ್ರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಸರ್, ಲಿಸ್ಟ್ ಮ್ಯಾಲೆ ಹೊಂಟಾಗನಽ ಅದರಾಗಿನವರನ್ನ ತಗದ್ರ ಹಿಂದಿನವರು ಒಂದೊಂದು ಜಾಗ ಮುಂದ ಸರೀತಾರ್ರೀ. ನಿಮ್ಮ ಲೂಪು ಮುಂದಿನ ಜಾಗಕ್ಕ ಹೋಗಿಬಿಡ್ತದ. ಖಾಲಿ ಜಾಗಕ್ಕ ಸರಿದಾಂವ ಕಣ್ಣಿಗೆ ಬೀಳೂದಽ ಇಲ್ಲ."

ಮೇಷ್ಟ್ರು ತಂದೆತಾಯಿಗಳ ಕಡೆ ನೋಡಿ ಮುಗುಳ್ನಕ್ಕರು. "ಮೇಡಂ, ಪೈಥಾನ್ ಅಷ್ಟು ದಡ್ಡ ಅಲ್ಲ."

"ಪೈಥಾನ್ ದಡ್ಡ ಅಂತ ನಾ ಅಂದಿಲ್ರೀ ಸರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಪರದೆ ಆರಿಸಿ "ನೆಟ್‌ವರ್ಕ್ ಪ್ರಾಬ್ಲಂ" ಎಂದರು. ನೆಟ್‌ವರ್ಕಿಗೂ ಆ ಐದು ಸಾಲಿಗೂ ಯಾವ ಸಂಬಂಧವೂ ಇರಲಿಲ್ಲ. ಆಮೇಲೆ ಬಾರದವನ ಪರವಾಗಿ ಆ ಬಹುಮಾನವನ್ನು ತಾವೇ ಸ್ವೀಕರಿಸಿ, ಫೋಟೋಗೆ ನಿಂತು, ತಮಗೆ ತಾವೇ ಕೈಕುಲುಕುವುದೊಂದನ್ನು ಬಾಕಿ ಉಳಿಸಿದರು. ಚಪ್ಪಾಳೆಯೂ ಬಿತ್ತು. ನನ್ನ ಮುಂದೆ ಕೂತಿದ್ದ ದಂಪತಿ ಮಗಳ ಅಡ್ಮಿಷನ್ನಿಗೆ ಅಲ್ಲೇ ಹೆಸರು ಬರೆಸಿದರು. ಬೇಡಿ ಎಂದು ನಾನು ಬಾಗಿ ಹೇಳಿದ್ದಕ್ಕೆ ಆ ತಾಯಿ, "ನಿಮಗೆ ಪ್ರೈಜ್ ಬರ್ಲಿಲ್ಲ ಅಂತ ಹೊಟ್ಟೆಕಿಚ್ಚಾ?" ಎಂದರು.

ನಾವಿಬ್ಬರೂ ಹೊರಗೆ ಬಂದು ಪಕ್ಕದ ದರ್ಶಿನಿಯಲ್ಲಿ ಕಾಫಿ ಹೇಳಿ ಲ್ಯಾಪ್‌ಟಾಪ್ ತೆರೆದೆವು. ಬ್ಯಾಚಿನವರ ಹೆಸರುಗಳ ಲಿಸ್ಟ್ ಟೈಪ್ ಮಾಡಿ, ಅದಕ್ಕೆ ಕೈ ಹಚ್ಚದೆ, ಖಾಲಿಯದೊಂದು ಹೊಸ ಲಿಸ್ಟ್ ಮಾಡಿ, ಕ್ಲಾಸಿಗೆ ಬಂದವರನ್ನಷ್ಟೇ ಒಬ್ಬೊಬ್ಬರಾಗಿ ಅದಕ್ಕೆ ಸೇರಿಸಿದೆ. ಮೂವರು ಗೆಳೆಯರೂ ಹೋದರು. ಅಂಕಲ್ ಹೆಸರೂ ನನ್ನ ಹೆಸರೂ ಉಳಿದವು.

"ಅಷ್ಟೇನಾ?" ಎಂದರು ಅಂಕಲ್.

"ಅಷ್ಟೇರಿ."

"ಅಷ್ಟಕ್ಕೆ ಸೂಟ್ ಹಾಕ್ಕೊಂಡ್ ಬಂದಿದ್ನಾ!"

ಅವರು ನಗುತ್ತಿದ್ದರು, ನನಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ಮರುದಿನ ಆಫೀಸಿನಲ್ಲಿ ಕೂತು ವಿಳಾಸಗಳ ಕೆಲಸ ಶುರುಮಾಡಿದೆ. ವಿಲ್ಸನ್ ಗಾರ್ಡನ್ನಿನದು ಒಂದು ಲಿಸ್ಟು, ಬೊಮ್ಮನಹಳ್ಳಿಯದು ಇನ್ನೊಂದು. ಹೋಗಿಬಂದ ಮನೆಗಳಿಗೆ ಮತ್ತೊಂದು. ಸರಿಯಾಗಿ ಕೂರಲು ಕೆಲವು ವಾರ ಹಿಡಿಯಿತು. ಒಂದೇ ಬಾಗಿಲನ್ನು ಇಬ್ಬರು ತಟ್ಟುವುದು ನಿಂತಿತು.

ಮ್ಯಾನೇಜರ್ ಒಂದು ದಿನ ನನ್ನ ಹಿಂದೆ ಬಂದು ನಿಂತು, ಪರದೆಯನ್ನೇ ದಿಟ್ಟಿಸಿ, "ಸಖತ್ತಾಗಿದೆ. ಎಐ ಮಾಡಿದ್ದಾ?" ಎಂದರು.

"ಅಲ್ರೀ, ನಾ ಮಾಡಿದ್ದು" ಎಂದೆ.

ಅವರು ನಂಬಿದಂತೆ ಕಾಣಲಿಲ್ಲ.