ಹತ್ತಿ ತುಂಬಿದ ಕಾರು

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಭಾವನವರು ಸ್ಟೀರಿಂಗಿನಿಂದ ಬಲಗೈ ತೆಗೆದು ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು. ಆ ಕಿವಿಯನ್ನು ನಾನು ಇವತ್ತಿಗೂ ಚಿತ್ರ ಬರೆದು ತೋರಿಸಬಲ್ಲೆ. ಅಗಲವಾದ ಕಿವಿ, ತುಸು ಮುಂದಕ್ಕೆ ಬಾಗಿದ್ದು, ಒಳಗಿನಿಂದ ನರೆತ ಕೂದಲಿನ ಕುಚ್ಚೊಂದು ಹೊರಗೆ ಇಣುಕುತ್ತಿತ್ತು. ಹಾಲೆ ಹಿಡಿದುಕೊಂಡರೆಂದರೆ ತೀರ್ಪು ಬರುತ್ತದೆ ಎಂದು ಅರ್ಥ.

"ಕೇಳಯ್ಯ," ಎಂದರು. "ತಂಬೂರಿ ಕೇಳಿಸ್ತಾ ಐತಾ? ಒಂದು ಚೂರು ಗರಗರ ಇಲ್ಲ."

ನಿಜವಾಗಿಯೂ ಇರಲಿಲ್ಲ. ಮರುಕ್ಷಣ ಕಾರಿನ ರೇಡಿಯೊದ ತಂಬೂರಿಯೊಂದೇ ಉಳಿಯಿತು. ಎಂಜಿನ್ ನಿಂತುಹೋಗಿತ್ತು. ಕಾರಿನ ಮುಂದಿನ ಗಾಲಿಗಳು ರೈಲು ಹಳಿಯ ಆಚೆ ಇದ್ದವು, ಹಿಂದಿನವು ಈಚೆ.

ಭಾವನವರಿಗೆ ಬ್ಯಾಡರಹಳ್ಳಿಯ ಹತ್ತಿರ ಇಟ್ಟಿಗೆ ಗೂಡು ಇತ್ತು. ರಾಜಾಜಿನಗರದಲ್ಲಿ ಆಗ ಸಾಲುಸಾಲಾಗಿ ಮನೆಗಳು ಏಳುತ್ತಿದ್ದವು. ಇಟ್ಟಿಗೆ ಸುಡುವವನು ಸುಮ್ಮನೆ ಕೂತಿದ್ದರೂ ದೊಡ್ಡ ಮನುಷ್ಯನಾಗುತ್ತಿದ್ದ ಕಾಲ ಅದು. ಅವರೂ ಹಾಗೇ ಆದರು. ಅಲ್ಲೇ ಒಂದು ಮನೆ ಕಟ್ಟಿಸಿದರು, ಯಾರೋ ಬಿಟ್ಟ ಹಳೆಯ ವಿಲಾಯಿತಿ ಕಾರು ಕೊಂಡರು, ಅದಕ್ಕೆ ರೇಡಿಯೊ ಹಾಕಿಸಿದರು. ನಾನು ಅವರ ಮನೆಯಲ್ಲಿದ್ದು ಬಿ.ಎಸ್ಸಿ. ಮುಗಿಸಿ, ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅವರ ಅನ್ನ ಉಣ್ಣುತ್ತಿದ್ದೆ, ಅವರನ್ನು ಕೀಳಾಗಿ ಕಾಣುತ್ತಿದ್ದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದವು.

ಕೀಳಾಗಿ ಕಾಣಲು ಕಾರಣಗಳು ಕಡಿಮೆಯಿರಲಿಲ್ಲ. ಸಂಗೀತದ ಒಂದಕ್ಷರ ಅವರಿಗೆ ತಿಳಿಯದು. ರಾಗದ ಹೆಸರು ಕೇಳಿದರೆ ಹಾಡಿದವರ ಊರು ಹೇಳುತ್ತಿದ್ದರು. ಆದರೂ ಮಾಗಡಿ ರಸ್ತೆಯಲ್ಲಿ ಕಾರಿಗೆ ರೇಡಿಯೊ ಹಾಕಿಸಿಕೊಂಡ ನಾಲ್ಕಾರು ಮಂದಿ, ಅವರು ಕೂತು ಕೇಳಿ ಒಪ್ಪುವ ತನಕ ಅದನ್ನು ರೇಡಿಯೊ ಎಂದು ಪರಿಗಣಿಸುತ್ತಿರಲಿಲ್ಲ. ಭಾವನವರು ಬಾಗಿಲು ಹಾಕಿಸುತ್ತಿದ್ದರು, ಗಾಜು ಏರಿಸುತ್ತಿದ್ದರು, ಎಂಜಿನ್ ಚಾಲೂ ಮಾಡಿಸುತ್ತಿದ್ದರು. ಆಮೇಲೆ ಕಿವಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. "ನಿಂತ ಕಾರಲ್ಲಿ ಯಾವ ಡಬ್ಬಾನೂ ಹಾಡ್ತದೆ. ಓಡೋ ಕಾರಲ್ಲಿ ತಂಬೂರಿ ಕೇಳಿಸಬೇಕು," ಎನ್ನುವುದು ಅವರ ಏಕೈಕ ಸಿದ್ಧಾಂತ. ಕೇಳಿಸಿದರೆ "ಪಾಸು". ಇಲ್ಲದಿದ್ದರೆ "ಇದರಲ್ಲಿ ರಾಗಿ ಬೀಸ್ಕೊಳ್ಳಿ." ಎದುರಿಗೆ ನಿಂತವರು ತಲೆಯಾಡಿಸುತ್ತಿದ್ದರು. ಆ ತಲೆಗಳ ಬಗ್ಗೆಯೂ ನನಗೆ ಅಷ್ಟೇ ಗೌರವವಿತ್ತು.

ತಮ್ಮ ಕಾರಿಗೆ ಅವರು ಮಾಡಿಸಿದ್ದನ್ನು ಹೇಳಬೇಕು. ಮುಂದಿನ ಸೀಟಿನ ಬೆನ್ನಿಗೆ ಅಡ್ಡಲಾಗಿ, ನೆಲದಿಂದ ಸೂರಿಗೆ ಒಂದು ಗೇಣು ಉಳಿಯುವಷ್ಟು ಎತ್ತರಕ್ಕೆ ತೇಗದ ಹಲಗೆ ನಿಲ್ಲಿಸಿದರು. ಅದರಲ್ಲಿ ತೂತು ಕೊರೆದು ಸ್ಪೀಕರ್ ಕೂರಿಸಿದರು. ಹಿಂದಿನ ಬಾಗಿಲುಗಳು ಕಟಕಟ ಎನ್ನುತ್ತವೆಂದು ಒಳಗಿನ ಹಿಡಿಕೆಗಳನ್ನೂ ಗಾಜು ಇಳಿಸುವ ತಿರುಗಣೆಯನ್ನೂ ಕೀಳಿಸಿ, ಹಳೆಯ ಹಾಸಿಗೆಯೊಂದರ ಹತ್ತಿಯನ್ನು ಬಾಗಿಲೊಳಗೆ ಗಿಡಿದು ತುಂಬಿಸಿದರು. ಹೊರಗಿನವರು ತೆರೆದರೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಹೀಗೆ ಹಿಂದಿನ ಸೀಟು ರೇಡಿಯೊದ ಪೆಟ್ಟಿಗೆಯಾಯಿತು. ಆ ಪೆಟ್ಟಿಗೆಯೊಳಗೆ ನಮ್ಮಕ್ಕ ಕೂರುತ್ತಿದ್ದಳು.

ಉತ್ಪ್ರೇಕ್ಷೆಯಲ್ಲ. "ನೀನು ಹಿಂದೆ ಕೂತ್ರೆ ಮಂದ್ರ ತುಂಬ್ಕೊಂಡು ಬರ್ತದೆ ಕಣೇ," ಎಂದು ಅವರೇ ಅವಳಿಗೆ ಹೇಳಿದ್ದರು. ಎರಡು ದಿಂಬು ಇಟ್ಟು ನೋಡಿದ್ದರಂತೆ, ಅಷ್ಟು ಚೆನ್ನಾಗಿ ಬರಲಿಲ್ಲವಂತೆ. ಅಕ್ಕ ಅದನ್ನು ನಗುತ್ತಲೇ ನನಗೆ ಹೇಳಿದಳು. ನಾನು ನಗಲಿಲ್ಲ.

ಇಷ್ಟೆಲ್ಲ ಆದರೂ ಗರಗರ ಹೋಗಲಿಲ್ಲ. ಎಂಜಿನ್ನಿನ ಕಿಡಿಗಳ ಸದ್ದು ರೇಡಿಯೊದೊಳಗೆ ನುಗ್ಗುತ್ತಿತ್ತು. ಅದನ್ನು ತಡೆಯಲು, ಕಿಡಿಗೆ ಬಲ ಕೊಡುವ ಕಾಯಿಲ್ ಎಂಬ ಭಾಗಕ್ಕೆ ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ ಕಟ್ಟುತ್ತಾರೆ. ಕಾಯಿಲಿಗೆ ಎರಡು ತುದಿ. ಒಂದಕ್ಕೆ ಬ್ಯಾಟರಿಯ ಕಡೆಯಿಂದ ತಂತಿ ಬರುತ್ತದೆ, ಇನ್ನೊಂದರಿಂದ ಕಿಡಿ ಹುಟ್ಟಿಸುವ ಪಾಯಿಂಟಿಗೆ ತಂತಿ ಹೋಗುತ್ತದೆ. ಮಾಗಡಿ ರಸ್ತೆಯ ಫಿಟ್ಟರು ಕಂಡೆನ್ಸರನ್ನು ಬ್ಯಾಟರಿಯ ಕಡೆ ಕಟ್ಟಿದ್ದ. ಗರಗರ ಅರ್ಧ ಕಡಿಮೆಯಾಗಿತ್ತು. ಭಾವನವರಿಗೆ ಅರ್ಧ ಸಾಲದು.

ಅವರು ಮತ್ತೆ ಫಿಟ್ಟರ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. "ಗಲಾಟೆ ಹುಟ್ಟೋದು ಪಾಯಿಂಟಿನಲ್ಲಿ. ಹುಟ್ಟೋ ಜಾಗದಲ್ಲೇ ಹಿಡೀಬೇಕು. ಕಂಡೆನ್ಸರ್ ಆ ಕಡೆ ಕಟ್ಟಿ," ಎಂದೆ.

ಫಿಟ್ಟರು ಕೈ ಒರೆಸಿಕೊಳ್ಳುತ್ತ, "ಆ ಕಡೆ ಬ್ಯಾಡ ಸ್ವಾಮಿ. ಕಿಡಿ ಬಡವಾಗ್ತದೆ. ಏರಲ್ಲಿ ಕೈ ಕೊಡ್ತದೆ," ಎಂದ.

"ಯಾಕೆ ಬಡವಾಗುತ್ತೆ, ಹೇಳಿ ನೋಡೋಣ."

"ಯಾಕೆ ಅಂತ ಗೊತ್ತಿಲ್ಲ. ಆಗ್ತದೆ."

ಯಾಕೆ ಎಂದು ಗೊತ್ತಿಲ್ಲದವನ ಮಾತನ್ನು ಬಿ.ಎಸ್ಸಿ. ಪಾಸಾದವನು ಯಾಕೆ ಕೇಳಬೇಕು? ಭಾನುವಾರ ಬೆಳಿಗ್ಗೆ ಮನೆಯ ಮುಂದೆ ನಾನೇ ಬಾನೆಟ್ ಎತ್ತಿ, ಕಂಡೆನ್ಸರನ್ನು ಬ್ಯಾಟರಿಯ ತುದಿಯಿಂದ ಬಿಚ್ಚಿ ಪಾಯಿಂಟಿನ ತುದಿಗೆ ಕಟ್ಟಿದೆ. ಗರಗರ ಮಾಯವಾಯಿತು. ಭಾವನವರು ಕಿವಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. "ಪಾಸು ಕಣಯ್ಯ," ಎಂದರು. ಅವರ ತೀರ್ಪನ್ನು ತಿರಸ್ಕರಿಸುತ್ತಿದ್ದ ನನಗೆ ಆ ಮಾತು ಖುಷಿ ಕೊಟ್ಟಿತು. ಆ ಖುಷಿಯನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಮಧ್ಯಾಹ್ನ ಕೆಂಗೇರಿಯ ಆಚೆ ಅವರ ಚಿಕ್ಕಮ್ಮನ ತೋಟಕ್ಕೆ ಹೋದೆವು. ಅಲ್ಲಿ ನೆಂಟರೆಲ್ಲ ಕಾರಿನ ಸುತ್ತ ನೆರೆದರು. ಭಾವನವರು ಎಂಜಿನ್ ನಿಲ್ಲಿಸಿ ಒಂದೂವರೆ ಗಂಟೆ ರೇಡಿಯೊ ಕೇಳಿಸಿದರು. ಆಗಿನ ರೇಡಿಯೊಗಳು ಬ್ಯಾಟರಿಯನ್ನು ನೀರಿನ ಹಾಗೆ ಕುಡಿಯುತ್ತಿದ್ದವು. ಬ್ಯಾಟರಿ ಅಲ್ಲೇ ಬಳಲಿತ್ತು. ಹೊರಡುವಾಗ ಇಬ್ಬರು ತಳ್ಳಿದ ಮೇಲೆ ಎಂಜಿನ್ ಹತ್ತಿಕೊಂಡಿತು. ಅದನ್ನು ಯಾರೂ ಅಪಶಕುನವೆಂದುಕೊಳ್ಳಲಿಲ್ಲ, ಹಳೆಯ ಕಾರಲ್ಲವೇ?

ತೋಟದಿಂದ ಬರುವ ಗಾಡಿದಾರಿ ಗೇಟಿಲ್ಲದ ಕಡೆ ರೈಲು ಹಳಿಯನ್ನು ದಾಟುತ್ತದೆ. ಹಳಿ ತುಸು ಎತ್ತರದಲ್ಲಿದೆ. ಏರಿಗೆ ಕಾರು ನಿಧಾನವಾಯಿತು, ಬಡವಾದ ಕಿಡಿ ಸೋತಿತು. ಫಿಟ್ಟರು ಹೇಳಿದ್ದು ಅಕ್ಷರಶಃ ನಡೆಯಿತು. ಸ್ಟಾರ್ಟರ್ ಒತ್ತಿದರೆ "ಟಕ್" ಎಂದಿತು, ಅಷ್ಟೇ.

ಭಾವನವರು ಇಳಿದು ಎಂಜಿನ್ ತಿರುವುವ ಹ್ಯಾಂಡಲ್ ತೆಗೆದುಕೊಂಡು ಕಾರಿನ ಮುಂದಕ್ಕೆ ಹೋಗಿ ತಿರುಗಿಸತೊಡಗಿದರು. ನಾನೂ ಇಳಿದು ಹಿಂದಿನ ಎಡಬಾಗಿಲು ಎಳೆದೆ. ಬರಲಿಲ್ಲ. ಹತ್ತಿ ಚಿಲಕದೊಳಗೆ ಸುತ್ತಿಕೊಂಡಿತ್ತು. ಬಲಬಾಗಿಲಿಗೆ ಓಡಿದೆ. ಅದೂ ಹಾಗೇ.

"ಭಾವ, ಮೊದಲು ಅಕ್ಕನ್ನ ಇಳಿಸಿ. ಬಾಗಿಲು ಬರ್ತಾ ಇಲ್ಲ."

"ಕಾರು ಆಚೆ ಹೋದ್ರೆ ಅವಳೂ ಹೋಗ್ತಾಳಲ್ಲಯ್ಯ," ಎಂದರು ತಲೆಯೆತ್ತದೆ.

ಆಗ ಶಿಳ್ಳೆ ಕೇಳಿಸಿತು. ಆ ಮನುಷ್ಯ ಹ್ಯಾಂಡಲ್ ಬಿಟ್ಟು ನೆಟ್ಟಗೆ ನಿಂತು, ನನ್ನ ಕಣ್ಣೆದುರಿಗೇ ಕಿವಿಯ ಹಾಲೆ ಹಿಡಿದುಕೊಂಡರು. "ಮೈಸೂರು ಕಡೆಯಿಂದ. ಇನ್ನೂ ಒಂದು ಮೈಲಿ ಐತೆ."

ರೈಲು ಬೆಂಗಳೂರಿನ ಕಡೆಯಿಂದ ಬರುತ್ತಿತ್ತು. ತಿರುವಿನಲ್ಲಿ ಹೊಗೆ ಕಾಣಿಸಿತು. ಮಾಗಡಿ ರಸ್ತೆಯ ಆ ಮಹಾ ಕಿವಿಗೆ ಹಳಿಯ ಮೇಲೆ ನಿಂತಾಗ ಪೂರ್ವ ಪಶ್ಚಿಮ ತಿಳಿಯಲಿಲ್ಲ. ನಾನು ಕೂಗಿದೆ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ರೈತ ಹೊರೆ ಬಿಸಾಡಿ ಓಡಿಬಂದ. ಭಾವನವರು ಗೇರು ಬಿಡಿಸಿ ಬಂದರು. ಮೂವರೂ ಹಿಂದಿನಿಂದ ಹೆಗಲು ಕೊಟ್ಟೆವು. ಗಾಲಿ ಹಳಿಯನ್ನು ಏರುತ್ತಿತ್ತು, ಮತ್ತೆ ಜಾರುತ್ತಿತ್ತು.

ನನ್ನ ಮುಖ ಹಿಂದಿನ ಗಾಜಿನ ಹತ್ತಿರವಿತ್ತು. ಗಾಜಿನ ಆ ಕಡೆ ಅಕ್ಕ ಸೀಟಿನ ಮೇಲೆ ಮಂಡಿಯೂರಿ ನಮ್ಮ ಕಡೆ ತಿರುಗಿದ್ದಳು. ಎರಡೂ ಅಂಗೈಗಳಿಂದ ಗಾಜನ್ನು ಬಡಿಯುತ್ತಿದ್ದಳು. ಬಾಯಿ ಪೂರ್ತಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು. ಅವಳ ದನಿ ಮಾತ್ರ ನನ್ನವರೆಗೆ ಬರಲಿಲ್ಲ. ಹತ್ತಿ, ಹಲಗೆ, ಗಾಜು ಎಲ್ಲ ಸೇರಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದವು.

ಮೂರನೆಯ ಸಲ ಗಾಲಿ ಹಳಿಯನ್ನು ಹತ್ತಿ ಆಚೆಗಿಳಿಯಿತು. ಕಾರು ತಾನೇ ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ ನಿಂತಿತು. ನಾವು ಅದರ ಹಿಂದೆ ಮುಗ್ಗರಿಸಿ ಬಿದ್ದೆವು. ರೈಲು ನಮ್ಮ ಬೆನ್ನ ಹಿಂದೆ ಹೋಯಿತು. ಅದರ ಬಿಸಿ ಕತ್ತಿಗೆ ತಾಗಿದ್ದು ನೆನಪಿದೆ, ಸದ್ದು ನೆನಪಿಲ್ಲ.

ಭಾವನವರು ಕಾರಿಗೆ ಒಂದು ಕಾಲು ಊರಿ ಹಿಡಿಕೆ ಎಳೆದರು. ಬಾಗಿಲು ಹತ್ತಿಯ ಸಮೇತ ಕಿತ್ತು ಬಂತು. ಅಕ್ಕ ಇಳಿದು ನೆಲದ ಮೇಲೆ ಕೂತಳು. "ನಾನು ಅಷ್ಟು ಕೂಗಿದ್ದು ಯಾರಿಗೂ ಕೇಳಿಸ್ಲಿಲ್ವಾ?" ಎಂದು ಕೇಳಿದಳು.

ಮಾರನೆಯ ದಿನ ಫಿಟ್ಟರು ಮನೆಗೆ ಬಂದು ಬಾನೆಟ್ ಎತ್ತಿದ. ವಿಷಯ ತಿಳಿದು ನಮ್ಮಪ್ಪ, ದೊಡ್ಡಪ್ಪ ಎಲ್ಲ ಬಂದು ಜಗಲಿಯಲ್ಲಿ ಕೂತಿದ್ದರು. ಫಿಟ್ಟರು ಕಂಡೆನ್ಸರನ್ನು ಬೆರಳಿಂದ ಮುಟ್ಟಿ, "ಇದನ್ನ ಇಲ್ಲಿಗೆ ಕಟ್ಟಿದ್ದು ಯಾರು?" ಎಂದು ಕೇಳಿದ. ಕೇಳಿದ್ದು ಎಲ್ಲರನ್ನೂ, ನೋಡಿದ್ದು ನನ್ನನ್ನು.

"ನಾನೇ," ಎಂದರು ಭಾವನವರು. "ಯಾಕೆ, ನಂಗೆ ಕಟ್ಟೋಕೆ ಬರಲ್ವಾ?"

ಫಿಟ್ಟರು ಸ್ವಲ್ಪ ಹೊತ್ತು ಅವರನ್ನೇ ನೋಡಿ ಬಾನೆಟ್ ಇಳಿಸಿದ. ನಮ್ಮಪ್ಪ ಅಳಿಯನೆಂಬ ಮರ್ಯಾದೆಯನ್ನು ಬದಿಗಿಟ್ಟು ಬೈದರು. ದೊಡ್ಡಪ್ಪ, "ಇಟ್ಟಿಗೆ ಸುಡೋನಿಗೆ ಎಂಜಿನ್ ಯಾಕಪ್ಪ? ಮನೇಲಿ ಓದಿದ ಹುಡುಗ ಇದ್ದ, ಒಂದು ಮಾತು ಕೇಳಬಾರದಿತ್ತಾ?" ಎಂದರು. ಭಾವನವರು ತಲೆ ತಗ್ಗಿಸಿ, "ಕೇಳಬೇಕಾಗಿತ್ತು," ಎಂದರು. ಓದಿದ ಹುಡುಗ ಕಂಬಕ್ಕೆ ಒರಗಿಕೊಂಡು ನಿಂತಿದ್ದ.

ಅಲ್ಲಿಂದ ಮುಂದೆ ಯಾರೂ ಅವರನ್ನು ಕರೆದು ರೇಡಿಯೊ ಕೇಳಿಸಲಿಲ್ಲ. "ರೈಲು ಯಾವ ಕಡೆಯಿಂದ ಬಂತು ಸ್ವಾಮಿ?" ಎಂದು ಮಾಗಡಿ ರಸ್ತೆಯಲ್ಲಿ ಹುಡುಗರು ಕೂಗಿ ಕೇಳುತ್ತಿದ್ದರು. ಅವರು ಹಲಗೆ ಬಿಚ್ಚಿಸಿದರು, ಹಿಡಿಕೆಗಳನ್ನು ಮತ್ತೆ ಹಾಕಿಸಿದರು, ರೇಡಿಯೊ ತೆಗೆಸಿದರು. ನಾನು ಅವರ ಬಗ್ಗೆ ಮೊದಲಿಗಿಂತ ಹೆಚ್ಚು ಕಟುವಾಗಿ ಮಾತಾಡತೊಡಗಿದೆ. ಊಟದ ಎಲೆಯ ಮುಂದೆಯೂ ಚುಚ್ಚುತ್ತಿದ್ದೆ. ನನ್ನ ತಪ್ಪು ಗೊತ್ತಿದ್ದ ಆ ಒಬ್ಬ ಮನುಷ್ಯ ಮೂರ್ಖನಾಗಿಯೇ ಉಳಿಯುವುದು ನನಗೆ ಅಗತ್ಯವಾಗಿತ್ತು. ಅವರು ಒಂದು ಸಲವೂ ತಿರುಗಿ ಹೇಳಲಿಲ್ಲ. ಮಜ್ಜಿಗೆ ಬಡಿಸಿಕೊಂಡು ಉಂಡು ಏಳುತ್ತಿದ್ದರು.

ನನಗೆ ನಿದ್ದೆ ಹಾರಿಹೋಗಿತ್ತು. ಕಣ್ಣು ಹತ್ತಿದ ಸ್ವಲ್ಪ ಹೊತ್ತಿಗೆಲ್ಲ ಗಾಜಿನ ಆ ಕಡೆ ತೆರೆದ ಬಾಯಿ ಕಾಣಿಸಿ ಎದ್ದು ಕೂರುತ್ತಿದ್ದೆ. ವೈದ್ಯರು ನರಕ್ಕೆ ಟಾನಿಕ್ ಬರೆದುಕೊಟ್ಟರು. ನಾಲ್ಕು ವರ್ಷ ಹೀಗೇ ಕಳೆಯಿತು.

ನಾಲ್ಕನೆಯ ವರ್ಷ ಭಾವನವರು ಗೂಡಿನ ಹತ್ತಿರ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟ ಮೇಲೆ, ಅಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒರೆಸುತ್ತಿದ್ದೆ.

"ಅಕ್ಕ, ಅವತ್ತು ಕಂಡೆನ್ಸರ್ ಕಟ್ಟಿದ್ದು ನಾನು," ಎಂದೆ.

ಅವಳು ಕೈ ನಿಲ್ಲಿಸಲಿಲ್ಲ. "ಗೊತ್ತು ಕಣೋ. ಬೆಳಿಗ್ಗೆ ನೀನು ಕಟ್ಟುವಾಗ ನಾನು ಕಿಟಕೀಲಿ ನಿಂತಿರಲಿಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳ್ತೀನಿ ಅಂದೆ. ಇವರು ಬಿಡಲಿಲ್ಲ. 'ಹಳಿ ಮೇಲೆ ನಿಂತಾಗ ನಿನ್ನನ್ನ ಇಳಿಸಿ ಅಂತ ಕೂಗಿದೋನು ನಿನ್ನ ತಮ್ಮನೊಬ್ಬನೇ, ನಾನು ಹ್ಯಾಂಡಲ್ ತಿರುಗಿಸ್ತಾ ಇದ್ದೆ,' ಅಂದ್ರು. 'ಅವನು ಹೇಳೋವಾಗ ಹೇಳ್ತಾನೆ, ಅಲ್ಲಿವರೆಗೂ ಕಾಯೋಣ,' ಅಂದ್ರು." ತೊಳೆದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು. "ಕಾದ್ರು."

ಭಾವನವರು ಸಂಗೀತ ಬಲ್ಲವರಲ್ಲ, ಹೆಂಡತಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿದರು, ರೈಲು ಬರುವ ದಿಕ್ಕನ್ನೂ ತಪ್ಪು ಹೇಳಿದರು. ಇದರಲ್ಲಿ ಒಂದು ಮಾತನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನಾಲ್ಕು ವರ್ಷ ನನ್ನ ನಾಚಿಕೆಯನ್ನು ತಮ್ಮದೆಂದು ಹೊತ್ತು, ನನ್ನ ಚುಚ್ಚುಮಾತು ಕೇಳುತ್ತ ನನ್ನ ಎದುರಿಗೇ ಕೂತು ಉಂಡವರನ್ನು ಅಳೆಯಲು ನನ್ನ ಹತ್ತಿರ ಅಳತೆಯಿಲ್ಲ.

ಅವತ್ತು ಅಕ್ಕ ನಡುಮನೆಯಲ್ಲಿ ಚಾಪೆ ಹಾಸಿಕೊಟ್ಟಳು. ಮಲಗಿದ್ದು ಗೊತ್ತು. ಎಚ್ಚರವಾದಾಗ ಹೊಸಿಲು ದಾಟಿ ಬಿಸಿಲು ಬಂದಿತ್ತು, ಕಾಲೇಜಿನ ಹೊತ್ತು ಮೀರಿಹೋಗಿತ್ತು. "ಎಬ್ಬಿಸಬಾರದಿತ್ತಾ?" ಎಂದು ಕೇಳಿದೆ.

"ನೀನು ಗೊರಕೆ ಹೊಡೀತಾ ಇದ್ದೆ," ಎಂದಳು ಅಕ್ಕ. "ಕೇಳ್ತಾ ಕೂತಿದ್ದೆ."