ಮೆರ್ವಿನ್‌ನ ನೀಲಿ

ಹೋಬರ್ಟ್ ಬಂದರಿನ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರೇ: ಲಿಂಡಲ್ ಮತ್ತು ಮೆರ್ವಿನ್. ಹೋದ ತಿಂಗಳು ದೋಣಿಯಲ್ಲಿ ಗಾಳ ಹಾಕಿ ಕೂತಿದ್ದ ಮೆರ್ವಿನ್ ಎದೆ ಹಿಡಿದುಕೊಂಡು ಹೋಗಿಯೇಬಿಟ್ಟ. ಲಿಂಡಲ್ ಅಳಲಿಲ್ಲ. ಮಣ್ಣಿಗೆ ಹೋದಳು, ಅಲ್ಲಿ ಕೊಟ್ಟ ಸ್ಯಾಂಡ್‌ವಿಚ್ ತಿಂದಳು, ಮರುದಿನ ಕೆಲಸಕ್ಕೆ ಬಂದಳು. ಒಳಗೆ ಏನೂ ಅಲುಗಾಡಲಿಲ್ಲ. ತನ್ನದು ಕಲ್ಲೆದೆಯೇನೋ ಎಂದು ಅವಳಿಗೇ ಅನುಮಾನ.

ಕಂಪ್ಯೂಟರಿನಲ್ಲಿ ಇಬ್ಬರದೂ ಒಂದೇ ಖಾತೆ, ಒಬ್ಬರು ಬದಲಾಯಿಸಿದ್ದು ಇನ್ನೊಬ್ಬರಿಗೂ ಅನ್ವಯ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುತ್ತಿದ್ದಂತೆಯೇ ಅದಕ್ಕೆ ಬಣ್ಣ ಬರುತ್ತದೆ: ಸರಿಯಿದ್ದರೆ ಹಸಿರು, ಯಂತ್ರಕ್ಕೆ ಗೊತ್ತಿಲ್ಲದ್ದಾದರೆ ಕೆಂಪು. ಊರಿಗೆಲ್ಲ ಒಪ್ಪುವ ಏರ್ಪಾಡು, ಮೆರ್ವಿನ್‌ಗೆ ಮಾತ್ರ ಅಲ್ಲ. ಅವನ ಕಣ್ಣಿಗೆ ಹಸಿರು, ಕೆಂಪು ಎರಡೂ ಒಂದೇ ಕೆಸರು ಬಣ್ಣ. ಹಾಗಾಗಿ ಸರಿಗೆ ಹಳದಿ, ತಪ್ಪಿಗೆ ನೀಲಿ, ನೀಲಿಯ ಕೆಳಗೊಂದು ಗೆರೆ ಎಂದು ತಾನೇ ಬದಲಾಯಿಸಿಕೊಂಡಿದ್ದ.

"ಮಿಠಾಯಿ ಅಂಗಡಿ ಥರ ಮಾಡಿಟ್ಟಿದ್ದೀಯಲ್ಲೋ!" ಎಂದು ಲಿಂಡಲ್ ಬೈದಿದ್ದಳು.

"ನಿಂಗೆ ಎರಡು ಕಣ್ಣೂ ನೆಟ್ಟಗಿವೆ. ನೀನೇ ಹೊಂದ್ಕೋ ತಾಯಿ."

ಬೈಯುತ್ತಲೇ ಹೊಂದಿಕೊಂಡಳು.

ಮೆರ್ವಿನ್‌ನ ಜಾಗಕ್ಕೆ ಸೋಮವಾರ ಹೊಸಬ ಬರುವವನಿದ್ದ. ಶುಕ್ರವಾರ ಮ್ಯಾನೇಜರ್ ಕ್ರೇಗ್ ಬಾಗಿಲಲ್ಲಿ ನಿಂತು, "ಆ ಬಣ್ಣಗಳನ್ನ ಮಾಮೂಲಿಗೆ ತಂದ್ಬಿಡಮ್ಮ. ಬರೋನು ಗಾಬರಿ ಬೀಳ್ತಾನೆ," ಎಂದ. ಮೆರ್ವಿನ್‌ನ ಕೋಟು, ಚಹಾದ ಮಗ್ಗು ಎಲ್ಲವನ್ನೂ ಅವನ ತಂಗಿ ಆಗಲೇ ಒಯ್ದಿದ್ದಳು. ಆಫೀಸಿನಲ್ಲಿ ಅವನದೆಂದು ಉಳಿದಿದ್ದು ಈ ಬಣ್ಣಗಳಷ್ಟೇ. ಬಣ್ಣ ಬದಲಿಸಲು ಅವನು ಬರೆದಿಟ್ಟಿದ್ದ ಸಾಲುಗಳನ್ನು ಲಿಂಡಲ್ ಅಳಿಸಿದಳು. ಆಗಲೂ ಏನೂ ಅನ್ನಿಸಲಿಲ್ಲ.

ಆಮೇಲೆ ಕೆಲಸಕ್ಕೆ ಕೂತಳು. ಕಮಾಂಡಿನಲ್ಲಿ ಒಂದು ಅಕ್ಷರ ತಪ್ಪಿತು, ಅದು ಕೆಂಪಾಯಿತು, ಅವಳು ಎಂಟರ್ ಒತ್ತಿದಳು. ಅಂಥ ಕಮಾಂಡೇ ಇಲ್ಲ ಎಂದಿತು ಯಂತ್ರ. ಮತ್ತೊಂದು ತಪ್ಪು, ಮತ್ತೆ ಕೆಂಪು, ಮತ್ತೆ ಎಂಟರ್.

"ಅಷ್ಟು ಕೆಂಪಗಿದೆಯಲ್ಲೇ, ಕಾಣಿಸ್ತಿಲ್ವಾ?" ಬೆನ್ನ ಹಿಂದೆ ಕ್ರೇಗ್ ನಕ್ಕ. "ಮೆರ್ವಿನ್ ಕಣ್ಣು ನಿಂಗೂ ಬಂತಾ?"

ಕೆಂಪು ಕಾಣಿಸಿತ್ತು. ಅದು ತಪ್ಪಿನ ಗುರುತು ಎಂಬುದೇ ಹೊಳೆದಿರಲಿಲ್ಲ. ಇಷ್ಟು ವರ್ಷ ಅವಳ ಕಣ್ಣು ಕಾದದ್ದು ನೀಲಿಗೆ.

ಕ್ರೇಗ್ ಅತ್ತ ಹೋದ ಮೇಲೆ ಅಳಿಸಿದ್ದನ್ನೆಲ್ಲ ಮತ್ತೆ ಬರೆದಳು. ಸರಿಯಾಯಿತೇ ಎಂದು ನೋಡಲು ಯಂತ್ರಕ್ಕೆ ಗೊತ್ತಿಲ್ಲದ ಪದವೊಂದು ಬೇಕಿತ್ತು. ಮೆರ್ವಿನ್ ಎಂದು ಟೈಪ್ ಮಾಡಿದಳು. ಹೆಸರು ನೀಲಿಯಾಗಿ ನಿಂತಿತು, ಕೆಳಗೊಂದು ಗೆರೆ.

ಎಂಟರ್ ಒತ್ತಿದರೆ ಯಂತ್ರ ಏನನ್ನುತ್ತದೆಂದು ಅವಳಿಗೆ ಗೊತ್ತಿತ್ತು. ಇಲ್ಲ ಎನ್ನುತ್ತದೆ. ಬೆರಳು ಅಲ್ಲೇ ನಿಂತಿತು. ಅವನಿಲ್ಲ ಎಂದು ಅವಳಿಗೆ ಮೊದಲ ಸಲ ಅನ್ನಿಸಿದ್ದು ಆಗ.

"ಹೊಸಬ ಹೊಂದ್ಕೋತಾನೆ ಬಿಡೋ," ಎಂದಳು, ಪಕ್ಕದ ಖಾಲಿ ಕುರ್ಚಿಗೆ.