ಹಿಡಿದ ಸೀಟು

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನನಗೆ ಇವತ್ತಿಗೂ ಕೈಹತ್ತಿಲ್ಲ. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಧೂಳು ಕುಡಿದಿದ್ದೇನೆ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅದರ ಜೊತೆ ಓಡಿ, ಹೆಗಲ ಮೇಲಿನ ಟವೆಲನ್ನು ಗುರಿಯಿಟ್ಟು ಎಸೆದಿದ್ದೇನೆ. ಉಳಿದವರ ಟವೆಲು ಒಳಗೆ ಹೋಗಿ ಸೀಟಿನ ಮೇಲೆ ಅಂಗಾತ ಮಲಗುತ್ತದೆ. ನನ್ನದು ಕಿಟಕಿಯ ಸರಳಿಗೆ ಜೋತುಬಿದ್ದು, ಸ್ವಲ್ಪ ಯೋಚನೆ ಮಾಡಿ, ಕೆಳಗಿದ್ದವರ ತಲೆಯ ಮೇಲೆ ಇಳಿಯುತ್ತದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸೀಟು ಹಿಡಿಯಲಾರದ ನಾನು ಸೀಟು ಎಂಬ ಮಾತನ್ನೇ ಹಿಡಿದುಕೊಂಡೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ನಿಂತು ಪ್ರಯಾಣ ಮಾಡುವಾಗ ಬೇರೆ ಕೆಲಸವೂ ಇರುವುದಿಲ್ಲ. ಸೈಕಲ್ಲಿಗೆ ಸೀಟು, ಅದಕ್ಕೆ ನಮ್ಮೂರಿನ ಹುರುಪಿನ ಜನ ಗೊಂಡೆ ಕಟ್ಟಿದ ಕವರು ಹಾಕಿಸುತ್ತಾರೆ. ಪ್ಯಾಂಟು ಹೊಲಿಯುವ ದರ್ಜಿ ಉದ್ದ, ಸೊಂಟ ಅಳೆದಾದ ಮೇಲೆ ಟೇಪನ್ನು ಇನ್ನಷ್ಟು ಕೆಳಗಿಳಿಸಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ "ಸೀಟು ನಲವತ್ತೆರಡು" ಎನ್ನುತ್ತಾನೆ. ಚುನಾವಣೆ ಬಂದರೆ ಸೀಟಿಗೆ ನಿಲ್ಲುತ್ತಾರೆ. ನಿಲ್ಲದೆ ಕೂಡುವ ಸೀಟು ಅದಲ್ಲ. ತಹಸೀಲ ಕಚೇರಿಗೆ ಹೋದರೆ ಸಾಹೇಬರು ಸೀಟಿನಲ್ಲಿದ್ದಾರೆ ಎನ್ನುತ್ತಾರೆ. ಒಳಗೆ ಇಣುಕಿದರೆ ಕುರ್ಚಿಯ ಬೆನ್ನಿಗೆ ಕೋಟು ಮಾತ್ರ ಇರುತ್ತದೆ. ಬಸ್ಸಿನ ಟವೆಲಿಗೂ ಕಚೇರಿಯ ಕೋಟಿಗೂ ನೌಕರಿ ಒಂದೇ ಎಂದು ಆಗ ಹೊಳೆಯಿತು.

ಐವತ್ತಾರರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರುವ ತನಕ ಈ ಮಾತು ಇಲ್ಲಿ ಅಷ್ಟಾಗಿ ಇರಲಿಲ್ಲ. ನಮ್ಮ ತಂದೆ ಉರ್ದುವಿನಲ್ಲಿ ಓದಿದವರು. ಯಾರಾದರೂ ಮನೆಗೆ ಬಂದರೆ "ತಶರೀಫ್ ಇಡ್ರಿ" ಎನ್ನುತ್ತಿದ್ದರು. ತಶರೀಫ್ ಎಂದರೆ ಗೌರವ. ಬಂದವರು ಕೂಡುವುದು ಚಾಪೆಯ ಮೇಲಾದರೂ ತಮ್ಮ ಗೌರವವನ್ನು ಅಲ್ಲಿ ಇಡುತ್ತಿದ್ದಾರೆ ಎಂಬ ಭಾವನೆ. ಇನ್ನೂ ಹಿಂದಕ್ಕೆ ಹೋದರೆ ನಮ್ಮೂರು ಶೂನ್ಯ ಸಿಂಹಾಸನದ ಊರು. ಖಾಲಿ ಇರುವ ಪೀಠವೆಲ್ಲ ಸಿಕ್ಕವರದಲ್ಲ ಎಂಬುದು ಇಲ್ಲಿಯವರಿಗೆ ಎಂಟುನೂರು ವರ್ಷದಿಂದ ಗೊತ್ತಿದೆ. ನನಗೆ ಮಾತ್ರ ಗೊತ್ತಿರಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ಎಂಬತ್ತರ ಆಸುಪಾಸಿನ ಮಾತು. ಹುಮನಾಬಾದ್ ಬಸ್ಸು ಹತ್ತಿದಾಗ ಒಂದು ಸೀಟಿನ ಮೇಲೆ ತಲೆಗೆ ಸುತ್ತುವ ಮಾಸಿದ ಪಟಗದ ತುಂಡು ಬಿದ್ದಿತ್ತು, ಮನುಷ್ಯ ಇರಲಿಲ್ಲ. ನಾನು ಅದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಗೆ ಸಿಕ್ಕಿಸಿ ಕೂತೆ. ಆಮೇಲೆ ಬಂದವನು ಘಾಟಬೋರಾಳದ ರೈತ. ಸೀಟು ತನ್ನದೆಂದ. ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ಹಕ್ಕು, ಬಟ್ಟೆಗಲ್ಲ; ಸೀಟು ಎಂದರೆ ಕೂತವನು ಇರುವ ಜಾಗ ಎಂದು ನಾನು ನಿಘಂಟು ಬಿಚ್ಚಿದೆ. ಆತ ಅರ್ಧ ಕೇಳಿ, ಪಟಗ ತೆಗೆದುಕೊಂಡು ಹೆಗಲಿಗೆ ಹಾಕಿ, ಹುಮನಾಬಾದಿನವರೆಗೆ ಕಂಬ ಹಿಡಿದು ನಿಂತ. ಮರುದಿನ ಸ್ಟಾಫ್ ರೂಮಿನಲ್ಲಿ ಈ ವಿಜಯವನ್ನು ಚಹಾದ ಜೊತೆ ಹಂಚಿದೆ. ಎಲ್ಲರೂ ನಕ್ಕರು.

ಎರಡು ತಿಂಗಳೂ ಆಗಿರಲಿಲ್ಲ. ಮೋರಖಂಡಿಯ ನನ್ನ ಅಕ್ಕನ ಮಗಳು ಸುವರ್ಣಾಗೆ ಟಿ.ಸಿ.ಎಚ್. ಸಂದರ್ಶನದ ಕಾಗದ ಬಂತು. ಮಾಸ್ತರಾಗುವವರ ಓದು ಅದು. ಹನ್ನೊಂದು ಗಂಟೆಗೆ ಬೀದರಿನಲ್ಲಿ ಇರಬೇಕು, ಮಾರ್ಕ್ಸ್ ಕಾರ್ಡೆಲ್ಲ ಅಸಲಿನದೇ ತೋರಿಸಬೇಕು. ಈ ಸಲ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಬರುವ ವೈಶಾಖದಲ್ಲಿ ಮದುವೆ ಎಂದು ಭಾವ ಹೇಳಿಯಾಗಿತ್ತು. ಗಂಡಿನ ಕಡೆಯವರು ಒಂದು ಸಲ ಬಂದು ಉಪ್ಪಿಟ್ಟು ತಿಂದೂ ಹೋಗಿದ್ದರು. ಹುಡುಗಿಗೆ ಮದುವೆ ಬೇಡವೆಂದಲ್ಲ, ಈಗ ಬೇಡವಾಗಿತ್ತು.

ಹುಮನಾಬಾದಿಗೆ ಹೋಗಿ ಅಲ್ಲಿಂದ ಬೀದರ ಬಸ್ಸು ಹಿಡಿಯಬೇಕು. ಬೆಳಿಗ್ಗೆ ಏಳಕ್ಕೆ ಸ್ಟ್ಯಾಂಡಿಗೆ ಬಂದರೆ ಜಾತ್ರೆಯಷ್ಟು ಜನ. ಅವಸರದಲ್ಲಿ ಟವೆಲು ಮನೆಯಲ್ಲೇ ಮರೆತಿದ್ದೆ. ಬಸ್ಸು ಬಂತು, ಕೈಯಲ್ಲಿದ್ದದ್ದು ಮಾರ್ಕ್ಸ್ ಕಾರ್ಡುಗಳಿದ್ದ ಅವಳ ಬಟ್ಟೆಯ ಚೀಲ. ಅದನ್ನೇ ಎಸೆದೆ. ಏನು ಆಶ್ಚರ್ಯ, ಕಾಗದದ ತೂಕಕ್ಕೋ ಏನೋ, ಚೀಲ ನೇರ ಹೋಗಿ ಕಿಟಕಿ ಪಕ್ಕದ ಸೀಟಿನ ನಡುಮಧ್ಯೆ ಕೂತಿತು. ಜೀವಮಾನದಲ್ಲಿ ಅದೊಂದೇ ಎಸೆತ ಸರಿಯಾಗಿ ಬಿದ್ದದ್ದು.

ಸೀಟು ಹಿಡಿದ ಮೇಲೆ ಚಹಾ ಕುಡಿಯುವುದು ನಮ್ಮಲ್ಲಿ ರೂಢಿ. ಡ್ರೈವರೂ ಅಲ್ಲೇ ಕುಡಿಯುತ್ತಾನೆ, ಅವನು ಎದ್ದಾಗ ಎದ್ದರಾಯಿತು. ಸುವರ್ಣಾ ಹೋಗೋಣವೆಂದು ಎರಡು ಸಲ ಹೇಳಿದಳು. ನಾನು ಬಶಿಯಲ್ಲಿ ಚಹಾ ಸುರುವಿಕೊಂಡು, ಸಂದರ್ಶನದಲ್ಲಿ ಉಪಯೋಗಕ್ಕೆ ಬಂದೀತೆಂದು, ಸೀಟಿನ ಅರ್ಥಗಳನ್ನು ಅವಳಿಗೆ ವಿವರಿಸುತ್ತಿದ್ದೆ. ದರ್ಜಿಯ ಅಳತೆಗೆ ಬರುವಷ್ಟರಲ್ಲಿ ಅವಳು ಎದ್ದು ನಿಂತು ರಸ್ತೆಯ ಕಡೆ ಕೈ ತೋರಿಸಿದಳು. ನಾನು ಯಾರ ಮೇಲೆ ಕಣ್ಣಿಟ್ಟಿದ್ದೆನೋ ಆ ಡ್ರೈವರು ಬೇರೆ ಬಸ್ಸಿನವನು. ನಮ್ಮ ಬಸ್ಸು ಆಗಲೇ ಗೇಟು ದಾಟಿತ್ತು.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ಟ್ಯಾಂಡಿನ ಹೊರಗೆ ಉಳ್ಳಾಗಡ್ಡಿ ತುಂಬಿದ ಲಾರಿಯೊಂದು ಹೊರಟಿತ್ತು, ಕೈಮುಗಿದು ಹತ್ತಿದೆವು. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಂದರೂ ಬಸ್ಸಿನ ಸುಳಿವಿಲ್ಲ. ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಕಂಡದ್ದು ಒಂದೇ: ನನ್ನಂಥವನೊಬ್ಬ ಆ ಚೀಲವನ್ನು ಎರಡು ಬೆರಳಲ್ಲಿ ಎತ್ತುತ್ತಿದ್ದಾನೆ. ಎತ್ತಿ ಸೀಟಿನ ಕೆಳಗೆ ತಳ್ಳುತ್ತಿದ್ದಾನೆ, ಕಾಲಲ್ಲಿ ಸರಿಸುತ್ತಿದ್ದಾನೆ. ಸರ್ಕಾರಿ ಬಸ್ಸಿನಲ್ಲಿ ಬಟ್ಟೆಗೆ ಹಕ್ಕಿಲ್ಲ ಎನ್ನುತ್ತಿದ್ದಾನೆ. ನಾಚಿಕೆ, ಭಯ ಎರಡೂ ಒಟ್ಟಿಗೆ ಆದದ್ದು ನನಗೆ ಅದೇ ಮೊದಲು.

ಹುಮನಾಬಾದ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು, ಜನ ಇಳಿದು ಹೋಗಿದ್ದರು. ಓಡಿಹೋಗಿ ಹತ್ತಿದೆ. ಒಳಗೆ ಸೀಟುಗಳೆಲ್ಲ ಖಾಲಿ. ನಡುವೆ ಒಬ್ಬಳೇ ಹೆಂಗಸು, ಕಂಬ ಹಿಡಿದು ನಿಂತಿದ್ದಾಳೆ. ಐವತ್ತು ದಾಟಿದ ವಯಸ್ಸು, ಕಂಕುಳಲ್ಲಿ ರೊಟ್ಟಿಯ ಗಂಟು. ಅವಳ ಪಕ್ಕದ ಸೀಟಿನ ಮೇಲೆ ನಮ್ಮ ಚೀಲ, ನಾನು ಎಸೆದಾಗ ಹೇಗೆ ಕೂತಿತ್ತೋ ಹಾಗೇ ಕೂತಿದೆ.

ಕಂಡಕ್ಟರು ನನ್ನನ್ನು ನೋಡಿ, ಮಾಸ್ತರೇ, ಈ ಅವ್ವನಿಗೆ ಕೂಡು ಎಂದು ನಾಲ್ಕು ಸಲ ಹೇಳಿದೆ, ಚೀಲ ನಾನು ಆಫೀಸಿನಲ್ಲಿ ಕೊಡುತ್ತೇನೆ, ಇಳಿ ಎಂದೂ ಹೇಳಿದೆ, ಕೇಳಲಿಲ್ಲ ಎಂದ. ಅವಳು ಗೋರ್ಟಾದವಳು, ಕೂಲಿ ಮಾಡುವವಳು, ಬಾಣಂತಿ ಮಗಳನ್ನು ನೋಡಲು ಬಂದಿದ್ದಳು. ಚೀಲ ತೊಡೆಯ ಮೇಲೆ ಇಟ್ಟುಕೊಂಡಾದರೂ ಕೂಡಬಹುದಿತ್ತಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಏನಿತ್ತೋ, ಅವಳು ತಪ್ಪು ಮಾಡಿದವಳಂತೆ ಸೆರಗು ಸರಿಮಾಡಿಕೊಂಡಳು.

"ಹಿಡದ ಸೀಟ್ ಅದರಿ ಮಾಸ್ತರ. ಇವತ್ತ ನಾ ಚೀಲಾ ಸರಸಿ ಕೂತ್ರ, ನಾಳಿ ನಾ ಹಾಕಿದ ಬಟ್ಟಿಗಿ ಯಾರ ಕಿಮ್ಮತ್ ಕೊಡ್ತಾರ್ರಿ?"

ಇಷ್ಟು ಹೇಳಿ ಅವಳು ಇಳಿದಳು. ಹೆಸರು ಕೇಳುವುದೂ ಮರೆತೆ. ಸುವರ್ಣಾ ಮಾತ್ರ ಹಿಂದೆಯೇ ಓಡಿ ಅವಳ ಕಾಲು ಮುಟ್ಟಿದಳು. ಬೀದರ ಬಸ್ಸಿನಲ್ಲಿ ನಮಗೆ ಸೀಟು ಸಿಗಲಿಲ್ಲ. ಇಬ್ಬರೂ ನಿಂತೇ ಹೋದೆವು, ದಾರಿಯಲ್ಲಿ ನಾನು ಯಾವ ಅರ್ಥವನ್ನೂ ವಿವರಿಸಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮುಟ್ಟಿದೆವು.

ಕಾಲೇಜಿನ ಸೀಟು ಸಿಕ್ಕಿತು. ಗಂಡಿನ ಕಡೆಯವರು ಎರಡು ವರ್ಷ ಕಾದರು, ಭಾವನಿಗೇ ಅದು ನಂಬಲಾಗಲಿಲ್ಲ. ಮದುವೆಯೂ ಆಯಿತು, ನೌಕರಿಯೂ ಆಯಿತು. ನೌಕರಿ ಸಿಕ್ಕ ಊರು ಘಾಟಬೋರಾಳ. ಹೋದ ಚಳಿಗಾಲ ಅವಳ ಶಾಲೆ ನೋಡಲು ಹೋಗಿದ್ದೆ. ಪಟಗ ಸುತ್ತಿದವರನ್ನೆಲ್ಲ ಬಸ್ ಸ್ಟಾಪಿನಿಂದ ಶಾಲೆಯವರೆಗೆ ಮುಖ ದಿಟ್ಟಿಸಿ ನೋಡುತ್ತ ನಡೆದೆ. ಆ ರೈತ ಸಿಗಲಿಲ್ಲ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ ಅದೂ ಗೊತ್ತಿಲ್ಲ.

ಮಕ್ಕಳು ನೆಲದ ಮೇಲೆ ಹಾಸಿದ ತಟ್ಟಿನ ಪಟ್ಟಿಯಲ್ಲಿ ಸಾಲಾಗಿ ಕೂತಿದ್ದರು. ಸುವರ್ಣಾ ಪಾಠ ಹೇಳುತ್ತಿದ್ದಳು. ತನ್ನ ಕುರ್ಚಿ ತೋರಿಸಿ ಕೂಡಲು ಹೇಳಿದಳು. ದೊಡ್ಡವನೆಂಬ ಡೌಲು ಬೇಡವೆಂದು ನಾನು ಮಕ್ಕಳ ನಡುವೆ ಒಂದು ಖಾಲಿ ಜಾಗ ನೋಡಿ ಮಂಡಿ ಮಡಚಿದೆ. ಅಲ್ಲೊಂದು ಬರೆಯುವ ಪಾಟಿ ಇತ್ತು, ಅದನ್ನು ಸರಿಸಲು ಕೈ ಹಾಕಿದ್ದೆನಷ್ಟೆ.

"ಅಲ್ಲಿ ಕೂಡಬ್ಯಾಡ್ರಿ ಸರ, ಅದು ಶರಣಮ್ಮಂದು" ಎಂದಳು ಪಕ್ಕದ ಹುಡುಗಿ.

ಶರಣಮ್ಮ ಎಲ್ಲಿ ಎಂದರೆ, ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಗಡಿಯಾಚೆ ಹೋಗಿ ತಿಂಗಳಾಗಿದೆಯಂತೆ. ಬರುವುದು ಬೇಸಿಗೆಗೇ. ಹೀಗೆ ಹೋಗುವ ಮಕ್ಕಳಿಂದ ಸುವರ್ಣಾ ಪಾಟಿ ಇಸಿದುಕೊಂಡು ಅವರವರ ಜಾಗದಲ್ಲಿ ಇಡುತ್ತಾಳೆ. ಉಳಿದವರು ಎಷ್ಟೇ ಒತ್ತಾಗಿ ಕೂತರೂ ಅಲ್ಲಿ ಕೂಡುವಂತಿಲ್ಲ. ಹೋದ ಮಕ್ಕಳಲ್ಲಿ ತಿರುಗಿ ಶಾಲೆಗೆ ಬರುವವರು ಕಡಿಮೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

"ಬಂದ್ರ ಜಾಗಾ ಇರಬೇಕಲ್ರಿ ಮಾಮಾ" ಎಂದಳು.

ನಾನು ಪಾಟಿಯನ್ನು ಇದ್ದಲ್ಲೇ ಇಟ್ಟು ಎದ್ದೆ. ಕುರ್ಚಿ ಖಾಲಿಯೇ ಇತ್ತು, ಹೋಗಿ ಕೂಡಬಹುದಿತ್ತು. ಪಾಠ ಮುಗಿಯುವವರೆಗೆ ನಾನು ಶರಣಮ್ಮನ ಸೀಟಿನ ಪಕ್ಕದಲ್ಲಿ ನಿಂತೇ ಇದ್ದೆ.